ಎರೆಭೂಮಿಯ ಬಿರುಕು ಮತ್ತು ಇಲಿಯ ಬಿಲ
(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವಾಲ್ಟರ್ ಎಲಿಯಟ್ ಎಂಬ ಹೆಸರು ಕಿತ್ತೂರು ಸೀಮೆಯವರಾದ ತಮಗೆ ಹೊಸದಲ್ಲ. 1824ರ ಅಕ್ಟೋಬರ್ ಕಾಳಗದಲ್ಲಿ ಥ್ಯಾಕರೆ ಮಡಿದಾಗ ರಾಣಿ ಚೆನ್ನಮ್ಮನ ಸೆರೆಯಾಳಾದ ಅಧಿಕಾರಿಗಳಲ್ಲಿ ಆತನೊಬ್ಬ. ಮುಂದೆ ಆತನೇ ಈ ಭಾಗದ ಪ್ರಾಣಿಗಳ ಪಟ್ಟಿಯೊಂದನ್ನು ರಚಿಸಿ 1839ರಲ್ಲಿ ಮದ್ರಾಸಿನ ಪತ್ರಿಕೆಯಲ್ಲಿ ಪ್ರಕಟಿಸಿದನು. ನಮ್ಮ ಹೊಲದ ಇಲಿಗಳ ವಿಷಯದಲ್ಲಿ ಆ ಬರಹ ಇಂದಿಗೂ ಉಪಯುಕ್ತವಾಗಿದೆ.

1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಆ ವರ್ಷ ಇಲಿಗಳು ವಿಪರೀತ ಹೆಚ್ಚಿ ಬಿತ್ತಿದ ಬೀಜವನ್ನೇ ತಿಂದವು. ಉಳಿದ ಜೋಳ ತೆನೆಗಟ್ಟಿದಾಗ ದಂಟೇರಿ ತೆನೆ ಕತ್ತರಿಸಿದವು. ರೈತರಿಗೆ ಕಂದಾಯ ಕಟ್ಟಲಾಗಲಿಲ್ಲ. ಮಣ್ಣಗೆಯುವ ಕಾಯಕದ ವಡ್ಡರಿಗೆ ಧಾನ್ಯ ಅಳೆದುಕೊಟ್ಟು ಸಾವಿರಾರು ಇಲಿಗಳನ್ನು ಕೊಲ್ಲಿಸಿದರೂ ಅವುಗಳ ಸಂಖ್ಯೆ ತಗ್ಗಿದಂತೆ ಕಾಣಲಿಲ್ಲ.

ಇದಕ್ಕೆ ಕಾರಣ ಬಿಲದಲ್ಲಿದೆ. ಎಲಿಯಟ್ ಹೇಳಿದ ಇಲಿಯನ್ನು ವಡ್ಡರು ಮೆಟ್ಟಾಡ ಎನ್ನುತ್ತಿದ್ದರು. ಅದರ ವೈಜ್ಞಾನಿಕ ಹೆಸರಿನಲ್ಲಿ ಈ ಪದ ‘ಮೆಲ್ಟಾಡಾ’ ಎಂದು ಉಳಿದಿದೆ. ಜೋಡಿಯಾಗಿಯೋ ಐದಾರರ ಗುಂಪಾಗಿಯೋ ಬಾಳುವ ಈ ಇಲಿ ತೋಡುವುದರಲ್ಲಿ ಸೋಮಾರಿ. ಗಿಡದ ಬುಡದಲ್ಲಿ ಅಲ್ಪ ಗುಳಿ, ಕಲ್ಲಿನ ರಾಶಿ ಅಥವಾ ಪರರ ಹಳೆಯ ಬಿಲ ಅದಕ್ಕೆ ಸಾಕು. ಬೇಸಿಗೆಯಲ್ಲಂತೂ ಎರೆಭೂಮಿಯ ಆಳವಾದ ಬಿರುಕುಗಳೇ ಸಿದ್ಧ ಮನೆ. ಮುಂಗಾರಿನಲ್ಲಿ ನೀರುಂಡ ಎರೆಮಣ್ಣು ಹಿಗ್ಗಿ ಬಿರುಕು ಮುಚ್ಚಿದಾಗ ಒಳಗಿದ್ದ ಇಲಿಗಳು ಅಸಂಖ್ಯವಾಗಿ ಸಾಯುತ್ತವೆ. ಆರಂಭದ ಮಳೆ ದುರ್ಬಲವಾದರೆ ಈ ಸಾವು ನಡೆಯದು. ಆದುದರಿಂದ ಮುಂಗಾರು ತಡವಾದ ವರ್ಷ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆ ಹೊಲಗಳಲ್ಲಿ ಬಿತ್ತನೆಗೆ ಮುನ್ನವೇ ಎಚ್ಚರ ಬೇಕು. ಎಂಜಿನಿಯರಿಂಗ್ ತರಗತಿಯಲ್ಲಿ ಹಿಗ್ಗುವ ಮಣ್ಣನ್ನು ಕಟ್ಟಡದ ಶತ್ರುವೆಂದು ಓದಿದವನು ನಾನು. ಇಲ್ಲಿ ಅದು ರೈತನ ಮಿತ್ರ.

ಹೆಗ್ಗಣದ ಜಾತಿಗೆ ಸೇರಿದ, ಎಲಿಯಟ್ ‘ಕೋಕ್’ ಎಂದು ಬರೆದ ಪ್ರಾಣಿಯದು ಬೇರೆ ರೀತಿ. ಅದು ಬಹುಮಟ್ಟಿಗೆ ಒಂಟಿ, ಆದರೆ ಶ್ರಮಜೀವಿ. ಬದುಗಳಲ್ಲಿ ಕವಲೊಡೆದ ಸುರಂಗ ತೋಡಿ, ಬಾಯಿಗೆ ಮಣ್ಣು ಒಟ್ಟಿ ಮುಚ್ಚುತ್ತದೆ. ಸುಗ್ಗಿಯಲ್ಲಿ ಒಳಗೆ ತೆನೆ ಕೂಡಿಡುತ್ತದೆ. ಮಲಪ್ರಭಾ ಕಾಲುವೆಯ ಏರಿಯಲ್ಲಿ ಇಂತಹ ಸುರಂಗವಿದ್ದರೆ ನೀರು ಅದರೊಳಗೆ ಹರಿದು, ಮಣ್ಣು ಕೊಚ್ಚಿ, ಏರಿಯೇ ಒಡೆಯಬಹುದು. ಹೊಸ ಮಣ್ಣಿನ ಗುಡ್ಡೆ ಕಂಡ ಕೂಡಲೇ ನೀರಾವರಿ ಇಲಾಖೆಗೆ ಬರೆದು ತಿಳಿಸಿರಿ.

ಒಬ್ಬ ರೈತ ತನ್ನ ಹೊಲವನ್ನಷ್ಟೇ ಶುದ್ಧಮಾಡಿದರೆ ನೆರೆಹೊಲದ ಇಲಿಗಳು ಬರಿದಾದ ಬಿಲಗಳಲ್ಲಿ ನೆಲೆಸುತ್ತವೆ. ಹೀಗಾಗಿ ಮೇ ತಿಂಗಳಿನಲ್ಲಿ ಗ್ರಾಮಸಭೆ ಒಂದು ದಿನ ನಿಗದಿಪಡಿಸಿ, ಬದು, ಹಳ್ಳದ ದಂಡೆ, ಬೀಳುಭೂಮಿಗಳನ್ನೆಲ್ಲ ಒಟ್ಟಿಗೆ ಸೇರಿಸಿಕೊಳ್ಳಬೇಕು. ಸಂಜೆ ಎಲ್ಲ ಬಿಲಗಳ ಬಾಯಿ ಮುಚ್ಚಿರಿ. ಮರುದಿನ ಬೆಳಗ್ಗೆ ತೆರೆದಿರುವವು ಮಾತ್ರ ವಾಸವಿರುವ ಬಿಲಗಳು. ಕೃಷಿ ಅಧಿಕಾರಿಗಳ ಮಾರ್ಗದರ್ಶನದಲ್ಲಿ ಅವುಗಳಿಗಷ್ಟೇ ವಿಷದ ತಿನಿಸು ಹಾಕಿ, ಮತ್ತೆ ಬಾಯಿ ಮುಚ್ಚಿರಿ. ಜಿಂಕ್ ಫಾಸ್ಫೈಡ್‌ಗೆ ಪ್ರತಿವಿಷವಿಲ್ಲ. ಅದನ್ನು ಬರಿಗೈಯಿಂದ ಕಲಸಬಾರದು. ಉಳಿದ ತಿನಿಸನ್ನೂ ಸತ್ತ ಇಲಿಗಳನ್ನೂ ಬಾವಿ, ಕೆರೆಗಳಿಂದ ದೂರ ಆಳವಾಗಿ ಹೂಳಿಸಿ, ಆ ದಿನ ಕುರಿ ದನಗಳನ್ನು ಅತ್ತ ಬಿಡದಂತೆ ಹಿಂದಿನ ಸಂಜೆಯೇ ಡಂಗುರ ಸಾರಿಸಿರಿ.