ಮಗುವಿನ ಹಾಸಿಗೆಯ ಪಕ್ಕದಲ್ಲಿ



ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಲ್ಲಿ ಮಗುವಿಗೆ ಕಾಯಿಲೆಯಾದರೆ ಅದು ಒಂಟಿಯಾಗಿ ಆಸ್ಪತ್ರೆಗೆ ಹೋಗುವುದಿಲ್ಲ. ತಾಯಿ, ಅಜ್ಜಿ, ಕಂಬಳಿ, ಊಟದ ಡಬ್ಬಿ ಎಲ್ಲವೂ ಮೈಸೂರು ಬಸ್ಸು ಹತ್ತುತ್ತವೆ. ನಮಗಿದು ಸಹಜ. ಆದರೆ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳು 1950ರ ದಶಕದಲ್ಲೂ ತಂದೆತಾಯಿಯರನ್ನು ಹೆಚ್ಚು ಹೊತ್ತು ವಾರ್ಡಿನ ಹೊರಗೇ ನಿಲ್ಲಿಸುತ್ತಿದ್ದವು. ತಾಯಿಯನ್ನು ಕಂಡರೆ ಮಗು ಅಳುತ್ತದೆ, ಸೋಂಕು ಹರಡುತ್ತದೆ ಎಂಬುದು ಅವರ ವಾದ.

ಆ ವಾದವನ್ನು ಅಲುಗಾಡಿಸಿದ್ದರಲ್ಲಿ ಒಂದು ಚಲನಚಿತ್ರದ ಪಾಲೂ ಇದೆ. ನನ್ನ ವೃತ್ತಿಯವರಿಗೆ ಅದೊಂದು ಹೆಮ್ಮೆ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ತೋರಿಸಿದ ಆ ಚಿತ್ರದಲ್ಲಿರುವುದು ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿ. ಬೇಕಾದ ಗಳಿಗೆಗಳನ್ನಷ್ಟೇ ಆರಿಸಿದ್ದಾರೆಂದು ಯಾರೂ ದೂರದಿರಲೆಂದು ಅವರು ಮೊದಲೇ ಗೊತ್ತುಮಾಡಿದ ವೇಳೆಗೆ ಕ್ಯಾಮರಾ ನಡೆಸಿದರು. ಗೋಡೆಯ ಗಡಿಯಾರವೂ ಕಾಣುವಂತೆ ನೋಡಿಕೊಂಡರು. ಹುಡುಗಿ ರಂಪ ಮಾಡಲಿಲ್ಲ, ಮಂಕಾದಳು. ಸುಮ್ಮನಿದ್ದ ಮಗು ಸುಖವಾಗಿದೆ ಎಂಬ ನಂಬಿಕೆ ಅಲ್ಲಿ ಬಿರುಕುಬಿಟ್ಟಿತು. 1959ರಲ್ಲಿ ಪ್ಲಾಟ್ ಸಮಿತಿ, ಭೇಟಿಗೆ ತಡೆ ಬೇಡ, ಚಿಕ್ಕ ಮಕ್ಕಳ ಜೊತೆ ತಾಯಿ ತಂಗಲಿ ಎಂದಿತು.

ಹಾಗಾದರೆ ನಾವು ಮೊದಲೇ ಗೆದ್ದಿದ್ದೆವೇ? ಅರ್ಧ ಮಾತ್ರ. ನಮ್ಮಲ್ಲಿ ತಾಯಿ ಜೊತೆಗಿರುತ್ತಾಳೆ, ನಿಜ. ಚೀಟಿ ಹಿಡಿದು ಔಷಧದಂಗಡಿಗೂ ಓಡುತ್ತಾಳೆ. ಏನನ್ನು ಗಮನಿಸಬೇಕೆಂದು ಅವಳಿಗೆ ಹೇಳಿಕೊಡುವುದೇ ಅಪರೂಪ.

ಹೇಳಿಕೊಟ್ಟರೆ ಏನಾಗುತ್ತದೆಂಬುದಕ್ಕೆ ಕೊಪ್ಪಳ ಜಿಲ್ಲೆಯನ್ನು ನೋಡಿ. ಕಡಿಮೆ ತೂಕದ ಶಿಶುವನ್ನು ಬರಿಮೈಯಲ್ಲಿ ಎದೆಗವಚಿಕೊಂಡು ಬೆಚ್ಚಗಿಡುವ 'ಕಾಂಗರೂ ಆರೈಕೆ'ಯನ್ನು ಅಲ್ಲಿ ಸರ್ಕಾರಿ ಆಸ್ಪತ್ರೆಗಳಿಂದ ಮನೆಗಳವರೆಗೆ ವ್ಯಾಪಕವಾಗಿ ಹಬ್ಬಿಸಲಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಜೊತೆಗಿದ್ದರು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಹುಟ್ಟಿದ ವಿಧಾನವಿದು. ತಾಯಿ ದಣಿದಾಗ ಅಪ್ಪನೋ ಅಜ್ಜಿಯೋ ಎದೆ ಕೊಡಬಹುದು. ಶಾಖಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲ! 2017ರಲ್ಲಿ ಕೇಂದ್ರ ಸರ್ಕಾರವೂ ನವಜಾತ ಶಿಶುಗಳ ಆರೈಕೆಯಲ್ಲಿ ಕುಟುಂಬವನ್ನು ಸೇರಿಸಿಕೊಳ್ಳಲು ಮಾರ್ಗಸೂಚಿ ಹೊರಡಿಸಿತು.

ಇನ್ನು ನಿಮ್ಮ ಪಾಲು. ಮನೆಯಲ್ಲಿ ಗಡಿಯಾರ ನೋಡಿ ಎಣಿಸಬಲ್ಲವರು ನೀವು. ಕೆಮ್ಮುತ್ತಿರುವ ತಮ್ಮನೋ ತಂಗಿಯೋ ಅಳದೆ ಮಲಗಿರುವಾಗ, ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದವರೆಗೆ 40 ಮುಟ್ಟಿದರೆ ಅದು ವೇಗದ ಉಸಿರು, ಆಸ್ಪತ್ರೆಗೆ ಹೊರಡಬೇಕು. ಎದೆಯ ಕೆಳಭಾಗ ಒಳಸೆಳೆಯುತ್ತಿದ್ದರೆ, ಮಗು ಏನನ್ನೂ ಕುಡಿಯಲಾರದಿದ್ದರೆ, ಎಣಿಸುತ್ತಾ ಕೂರಬೇಡಿ. ಭೇದಿಯಾದಾಗ ವೈದ್ಯರು ಕೊಟ್ಟ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಂದುವರಿಸಬೇಕು. 'ಈಗ ಹುಷಾರಾಗಿದ್ದಾನಲ್ಲ' ಎಂದು ಮನೆಯವರು ನಾಲ್ಕನೇ ದಿನಕ್ಕೇ ನಿಲ್ಲಿಸಿಬಿಡುತ್ತಾರೆ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕುವ ಕೆಲಸ ನಿಮ್ಮದಾಗಲಿ. ಆಸ್ಪತ್ರೆಯಿಂದ ಹೊರಡುವಾಗ ಅಮ್ಮನ ಜೊತೆ ನೀವೂ ನಿಂತು ನರ್ಸಕ್ಕನನ್ನು ಕೇಳಿ: ಯಾವ ಲಕ್ಷಣ ಕಂಡರೆ ತಡಮಾಡದೆ ವಾಪಸು ಬರಬೇಕು?