ರಮಾಬಾಯಿ ಅವರ ಅಡುಗೆಮನೆ

ಸಾಂಗ್ಲಿವಾಡಿಯ ಅಕ್ಕಂದಿರೇ, ಒಲೆ ಮುಂದೆ ಕೂತವರಿಗೆ ಅಕ್ಷರ ಯಾಕ್ರೀ ಅಂತ ಕೇಳ್ತೀರಲ್ಲ, ಪಂಡಿತಾ ರಮಾಬಾಯಿ ಅವರ ವಿಷಯ ಹೇಳ್ತೀನಿ.

ಅವರು ಹುಟ್ಟಿದ್ದು 1858ರಲ್ಲಿ, ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ. ಓದು ಕಲಿಸಿದವರು ತಾಯಿ. ಬರಗಾಲದಲ್ಲಿ ತಂದೆ, ತಾಯಿ ಹಸಿವಿನಿಂದಲೇ ತೀರಿಕೊಂಡರು. 1882ರಲ್ಲಿ ಗಂಡನೂ ಹೋದರು. ಮಡಿಲಲ್ಲಿ ಮಗಳು ಮನೋರಮಾ. ಮರುವರ್ಷ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ತಾವು ಕ್ರೈಸ್ತರು. ಆದರೂ ಅಲ್ಲಿದ್ದ ಬ್ರಾಹ್ಮಣ ಹೆಣ್ಣುಮಕ್ಕಳ ಅಡುಗೆಯ ಮಡಿ ಕೆಡಿಸಲಿಲ್ಲ. ಇದು ಸಣ್ಣ ಮಾತಲ್ಲ ನೋಡ್ರಿ!

1896–97ರ ಬರದಲ್ಲಿ ತಾವೇ ಹೋಗಿ ಹಸಿದ ಹುಡುಗಿಯರನ್ನು ಕರೆತಂದರು. ಹಸಿವು ಎಂಥದ್ದು ಅಂತ ಅವರಿಗೆ ಗೊತ್ತಿತ್ತಲ್ಲ. ಪುಣೆ ಹತ್ತಿರದ ಕೇಡಗಾಂವದಲ್ಲಿ ಆ ಹುಡುಗಿಯರು ಅಡುಗೆಯನ್ನೂ ಕಲಿತರು, ಅಕ್ಷರವನ್ನೂ ಕಲಿತರು. ರಮಾಬಾಯಿ ಮರಾಠಿಗೆ ತಂದ ಬೈಬಲ್ಲಿಗೆ ಅಚ್ಚಿನ ಮೊಳೆ ಜೋಡಿಸಿದ್ದೂ ಅಲ್ಲಿಯ ಹೆಣ್ಣುಮಕ್ಕಳೇ.

1921ರಲ್ಲಿ ಮನೋರಮಾ ತೀರಿಕೊಂಡರು. ತಾಯಿ ಬೈಬಲ್ಲಿನ ಕೆಲಸ ನಿಲ್ಲಿಸಲಿಲ್ಲ. 1922ರಲ್ಲಿ ಅವರೂ ಕಣ್ಣು ಮುಚ್ಚಿದರು.