ಕೈ ಮುಗಿಯೋಣ, ಬಾಯಿ ಮುಚ್ಚುವುದು ಬೇಡ

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಳೆಯ ಸದಸ್ಯರಾದ ನಮ್ಮಿಂದ ಎರಡು ಮಾತು ಆಡಿಸಬೇಕೆಂದು ಕಾರ್ಯದರ್ಶಿಗಳು ಅಪೇಕ್ಷೆಪಟ್ಟರು. ವಿಷಯ ಏನಪ್ಪಾ ಅಂತ ಕೇಳಿದೆವು. ‘ಸರ್ಕಾರ ಮತ್ತು ಸಾಮಾನ್ಯ ಜನರ ಸ್ವಾತಂತ್ರ್ಯ’ ಅಂದರು. ಹಾಲಿನ ಡೇರಿ ಸಮಾರಂಭದಲ್ಲಿ ಇದೆಂಥ ವಿಷಯ ಅಂತ ನಿಮಗೂ ಅನ್ನಿಸಬಹುದು, ನಮಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ಯೋಚನೆ ಮಾಡಿ ನೋಡಿದರೆ, ಈ ಮಾತು ಆಡುವುದಕ್ಕೆ ಇದಕ್ಕಿಂತ ಸರಿಯಾದ ಜಾಗವೇ ಇಲ್ಲ ಅಂತ ಕಂಡಿತು. ಯಾಕೆಂದರೆ ಊರಿನಲ್ಲಿ ನಾವು ನಾವೇ ಸೇರಿ, ಷೇರು ಹಣ ಹಾಕಿ, ಓಟು ಹಾಕಿ ನಡೆಸುವ ಸಂಸ್ಥೆ ಅಂತ ಇದ್ದರೆ ಅದು ಈ ಸಂಘ ತಾನೇ?

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಾವು ಸರ್ಕಾರವನ್ನು ಬೈಯುವುದಕ್ಕೆ ನಿಂತಿಲ್ಲ. ಮಂಡ್ಯ ಸೀಮೆಯವರಿಗೆ ಸರ್ಕಾರದ ಋಣ ಬಹಳ ಇದೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗದೇ ಇದ್ದಿದ್ದರೆ, ನಾಲೆ ಬಾರದೇ ಇದ್ದಿದ್ದರೆ ನಮ್ಮ ಹಿರಿಯರು ಮಳೆ ನೋಡಿಕೊಂಡು ರಾಗಿ ಬಿತ್ತುತ್ತಿದ್ದರು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಗದಿದ್ದರೆ ಕಬ್ಬಿಗೆ ದಾರಿ ಎಲ್ಲಿತ್ತು? ಈಗಲೂ ಹಾಲಿಗೆ ಪ್ರೋತ್ಸಾಹಧನ ಬೇಕು ಅಂದರೆ, ಭತ್ತಕ್ಕೆ ಬೆಂಬಲ ಬೆಲೆ ಬೇಕು ಅಂದರೆ, ನಾಲೆಗೆ ನೀರು ಬಿಡಿ ಅಂದರೆ ನಾವು ಹೋಗುವುದು ಸರ್ಕಾರದ ಬಾಗಿಲಿಗೇ. ಇದರಲ್ಲಿ ನಾಚಿಕೆ ಏನೂ ಇಲ್ಲ. ನಮ್ಮ ತೆರಿಗೆ, ನಮ್ಮ ಓಟು, ನಮ್ಮ ಸರ್ಕಾರ.

ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ. ಕೊಡುವ ಕೈ ದೊಡ್ಡದಾಗುತ್ತಾ ಹೋದಂತೆ ಹಿಡಿಯುವ ಕೈಯೂ ದೊಡ್ಡದಾಗುತ್ತದೆ. ಆಗ ಋಣದಲ್ಲಿರುವವನು ಮಾತನಾಡಬಹುದೇ, ಮಾತನಾಡಬಾರದೇ?

ಇದಕ್ಕೆ ಉತ್ತರ ನಮ್ಮ ಮದ್ದೂರಿನ ಮಗ್ಗುಲಲ್ಲೇ ಇದೆ. ಶಿಂಷಾ ದಂಡೆಯ ಶಿವಪುರದಲ್ಲಿ ಸತ್ಯಾಗ್ರಹ ಸೌಧವನ್ನು ಬಸ್ಸಿನಲ್ಲಿ ಹೋಗುವಾಗ ಎಲ್ಲರೂ ನೋಡಿದ್ದೀರಿ. 1938ರ ಏಪ್ರಿಲ್ ತಿಂಗಳಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅಲ್ಲಿ ಸೇರಿತು. ಆಗಿನ್ನೂ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, 1939ರಲ್ಲಿ ಆಯಿತು. ತ್ರಿವರ್ಣ ಧ್ವಜ ಹಾರಿಸಕೂಡದು ಅಂತ ಮ್ಯಾಜಿಸ್ಟ್ರೇಟರ ನಿಷೇಧಾಜ್ಞೆ ಬಂತು. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರು ಮುಂದೆ ನಿಂತರು, ಧ್ವಜ ಏರಿತು, ಮುಖಂಡರನ್ನು ಹಿಡಿದುಕೊಂಡು ಹೋದರು. ಗಾಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ಬಂದಿದ್ದ ಜನ ಹೆದರಿ ಊರಿಗೆ ಓಡಲಿಲ್ಲ. ಅದೇ ತಿಂಗಳ 25ರಂದು ಕೋಲಾರ ಕಡೆಯ ವಿದುರಾಶ್ವತ್ಥದಲ್ಲಿ ಬಾವುಟದ ವಿಚಾರಕ್ಕೇ ಗುಂಡು ಹಾರಿ ಜನ ಸತ್ತರು. ಕೊನೆಗೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತುಕತೆ ಆಗಿ, ಮೈಸೂರು ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ತೀರ್ಮಾನವಾಯಿತು.

ಇಲ್ಲಿ ಗಮನಿಸಬೇಕಾದದ್ದು ಏನು ಅಂದರೆ, ಆ ಮೈಸೂರು ಸರ್ಕಾರ ಕೆಟ್ಟ ಸರ್ಕಾರ ಅಂತ ಹೆಸರು ತೆಗೆದುಕೊಂಡದ್ದಲ್ಲ. ಮಾದರಿ ಸಂಸ್ಥಾನ ಅಂತ ಇಡೀ ದೇಶವೇ ಹೊಗಳುತ್ತಿತ್ತು. ಕಟ್ಟೆ ಕಟ್ಟಿಸಿದ್ದು, ಕಾರ್ಖಾನೆ ತಂದದ್ದು ಅದೇ ಸರ್ಕಾರ. ಅಂಥ ಒಳ್ಳೆಯ ಸರ್ಕಾರವೂ ಒಂದು ತುಂಡು ಬಟ್ಟೆಗೆ ಹೆದರಿತು! ನಮ್ಮ ಸೀಮೆಯ ಜನ ನಾಲೆ ನೀರಿಗೆ ಕೈಯನ್ನೂ ಮುಗಿದರು, ನಿಷೇಧಾಜ್ಞೆಯ ಎದುರು ಬಾವುಟವನ್ನೂ ಹಿಡಿದರು. ಎರಡೂ ಒಟ್ಟಿಗೆ ಸಾಧ್ಯ ಅಂತ ತೋರಿಸಿಕೊಟ್ಟರು. ಇದೇ ನಾವು ಈ ದಿನ ಹೇಳಬೇಕೆಂದಿರುವ ಮಾತು: ಕೊಟ್ಟವರಿಗೆ ಕೈ ಮುಗಿಯೋಣ, ಆದರೆ ಬಾಯಿ ಮುಚ್ಚುವುದು ಬೇಡ.

ಸ್ವಾತಂತ್ರ್ಯ ಬಂತು, ಇನ್ನು ನಮ್ಮವರದೇ ರಾಜ್ಯ, ಭಯ ಏನು ಅಂತ ಎಲ್ಲರೂ ಅಂದುಕೊಂಡರು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳಿಗೆ ಸೆನ್ಸಾರ್. ವಿಚಾರಣೆ ಇಲ್ಲದೆ ಜನರನ್ನು ಜೈಲಿಗೆ ಹಾಕಿದರು. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ ಅಂಥವರೂ ಇದ್ದರು, ನಮ್ಮ ದೇವೇಗೌಡರೂ ಇದ್ದರು. ‘ಸಂಸ್ಕಾರ’ ಸಿನಿಮಾದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಹಿಡಿದು ಅಲ್ಲೇ ಇಟ್ಟರು. ಆಕೆಗೆ ಆಸ್ತಮಾ. ಕಾಯಿಲೆ ಮಿತಿಮೀರಿದ ಮೇಲೆ ಬಿಟ್ಟರು. ಹೊರಗೆ ಬಂದು ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಜೈಲಿನಲ್ಲಿರುವವರು ಕೋರ್ಟಿಗೆ ಹೋಗಿ ನಮ್ಮನ್ನು ಯಾಕೆ ಹಿಡಿದಿದ್ದೀರಿ ಅಂತ ಕೇಳಬಹುದೇ ಎಂಬ ಪ್ರಶ್ನೆ ಬಂದಾಗ, 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಕೇಳುವ ಹಾಗಿಲ್ಲ ಅಂದರು. ಎಚ್.ಆರ್. ಖನ್ನಾ ಒಬ್ಬರೇ ಕೇಳಬಹುದು ಅಂದರು. ಅವರಿಗೆ ಬರಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿ ಪದವಿ ಆಮೇಲೆ ಬೇರೆಯವರಿಗೆ ಹೋಯಿತು.

ನೋಡಿ, 1938ರಲ್ಲಿ ನಿಷೇಧಾಜ್ಞೆ ಮುರಿದದ್ದು ಕಾಂಗ್ರೆಸ್ಸು. 1975ರಲ್ಲಿ ಬಾಯಿಗೆ ಬೀಗ ಹಾಕಿದ ಸರ್ಕಾರವೂ ಕಾಂಗ್ರೆಸ್ಸಿನದೇ. ಆಗ ಜೈಲು ಕಂಡು ಬಂದವರೂ ಮುಂದೆ ಅಧಿಕಾರಕ್ಕೆ ಬಂದರು, ಅವರ ಕಾಲದಲ್ಲೂ ನಿಷೇಧಾಜ್ಞೆಗಳು ನಿಲ್ಲಲಿಲ್ಲ. ಆದ್ದರಿಂದ ನಮ್ಮ ಪಕ್ಷ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವ ಭ್ರಮೆ ಯಾರಿಗೂ ಬೇಡ. ಬೇಲಿ ಯಾರು ಹಾಕಿದ್ದು ಅನ್ನುವುದಕ್ಕಿಂತ ಬೇಲಿ ಹೊಲ ಮೇಯುತ್ತಿದೆಯೇ ಅಂತ ನೋಡಬೇಕು.

ತುರ್ತು ಪರಿಸ್ಥಿತಿ ಮುಗಿದ ಮೇಲೆ 1978ರಲ್ಲಿ ಸಂವಿಧಾನದ 44ನೇ ತಿದ್ದುಪಡಿ ಆಯಿತು. ಇನ್ನು ಮುಂದೆ ತುರ್ತು ಪರಿಸ್ಥಿತಿ ಬಂದರೂ ಜೀವದ ಹಕ್ಕನ್ನು, ವೈಯಕ್ತಿಕ ಸ್ವಾತಂತ್ರ್ಯವನ್ನು ಅಮಾನತಿನಲ್ಲಿ ಇಡುವ ಹಾಗಿಲ್ಲ ಅಂತ ಬರೆದರು. ಜನ ಓಟಿನ ಮೂಲಕ ಮಾತನಾಡಿದ್ದಕ್ಕೆ ಬಂದ ಫಲ ಅದು.

ಹಾಗಾದರೆ ಈಗ ಭಯ ಏನು? ಈ ಕಾಲದ ಅಧಿಕಾರ ಬೂಟಿನ ಸದ್ದು ಮಾಡಿಕೊಂಡು ಬರುವುದಿಲ್ಲ. ಸದ್ದಿಲ್ಲದೆ, ಯಂತ್ರದ ರೂಪದಲ್ಲಿ ಬರುತ್ತದೆ. ನಮ್ಮೂರಿನ ಒಬ್ಬ ಅಜ್ಜಿ, ಐವತ್ತು ವರ್ಷ ಹಾಲು ಕರೆದು, ಕಳೆ ಕಿತ್ತು ಬೆರಳಿನ ಗೆರೆಯೆಲ್ಲಾ ಸವೆದುಹೋಗಿದೆ. ಪಡಿತರಕ್ಕೆ ಹೋದರೆ ಯಂತ್ರ ಹೆಬ್ಬೆಟ್ಟು ಒಪ್ಪಲಿಲ್ಲ. ನಾಳೆ ಬಾ ಅಂದರು, ನಾಳಿದ್ದು ಬಾ ಅಂದರು. ಕೊನೆಗೆ ಅಜ್ಜಿ, ‘ಅಲ್ಲಪ್ಪಾ, ನನ್ನ ಮುಖ ನಿಂಗೆ ಗೊತ್ತು, ನನ್ನ ಗಂಡನ ಮುಖಾನೂ ಗೊತ್ತಿತ್ತು, ಈ ಡಬ್ಬಕ್ಕೆ ಗೊತ್ತಿಲ್ಲ ಅಂದ್ರೆ ನಾನು ಇಲ್ಲ ಅಂತಲಾ?’ ಅಂದಳು. ಅಂಗಡಿಯವನದೂ ತಪ್ಪಿಲ್ಲ, ಅವನಿಗೂ ಮೇಲಿನವರ ಭಯ. ತಪ್ಪು ಯಾರದು ಅಂತ ಗೊತ್ತಾಗದೇ ಇರುವುದೇ ಈ ಕಾಲದ ಕಷ್ಟ.

ಆದರೆ ಇದನ್ನು ಕೇಳಿದವರೂ ಇದ್ದರು. ಕೆ.ಎಸ್. ಪುಟ್ಟಸ್ವಾಮಿ ಅಂತ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. 2012ರಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ನಮ್ಮ ವಯಸ್ಸಿನವರು ಜಗುಲಿ ಮೇಲೆ ಕೂತು ಕಾಲ ಕೆಟ್ಟಿತು ಅಂತ ಗೊಣಗುತ್ತೇವೆ, ಅವರು ಅರ್ಜಿ ಬರೆದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ಮಾತಿನಿಂದ, ಖಾಸಗಿತನ ಎನ್ನುವುದು ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. 1976ರ ಆ ಹಳೆಯ ತೀರ್ಪು ತಪ್ಪು ಅಂತಲೂ ಅದೇ ದಿನ ಹೇಳಿದರು. ಖನ್ನಾ ಅವರು ಒಬ್ಬರೇ ಹೇಳಿದ್ದು ನಲವತ್ತೊಂದು ವರ್ಷದ ಮೇಲೆ ಗೆದ್ದಿತು. 2018ರಲ್ಲಿ ಸರ್ಕಾರದ ಸವಲತ್ತುಗಳಿಗೆ ಆಧಾರ್ ಇರಲಿ, ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಕಡ್ಡಾಯ ಮಾಡುವ ಹಾಗಿಲ್ಲ ಅಂತ ಕೋರ್ಟು ಹೇಳಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಇನ್ನು ನಿಷೇಧಾಜ್ಞೆ. ಹಿಂದೆ 144ನೇ ಸೆಕ್ಷನ್ ಅಂತಿತ್ತು, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 163 ಆಗಿದೆ. ನಂಬರ್ ಬದಲಾದರೂ ಗುಣ ಅದೇ. 2016ರ ಕಾವೇರಿ ಗಲಾಟೆಯಲ್ಲಿ ನಮ್ಮ ಜಿಲ್ಲೆಯವರು ಅದರ ರುಚಿ ಕಂಡಿದ್ದಾರೆ. ಬಸ್ಸು ಲಾರಿಗಳಿಗೆ ಬೆಂಕಿ ಬೀಳುವಾಗ ಆಜ್ಞೆ ಬೇಡ ಅಂತ ಯಾರೂ ಹೇಳುವುದಿಲ್ಲ, ಬೆಂಕಿ ಹಚ್ಚುವುದು ಸ್ವಾತಂತ್ರ್ಯವಲ್ಲ. ಆದರೆ ನೀರು ಕೇಳಿ ಸುಮ್ಮನೆ ರಸ್ತೆ ಬದಿ ಕೂತವರಿಗೂ, ಬೆಂಕಿ ಹಚ್ಚಿದವರಿಗೂ ಒಂದೇ ಅಳತೆ ಆಗಬಾರದು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಇದನ್ನು ಹೇಳಿದೆ. ಇಂಥ ಆಜ್ಞೆಗಳನ್ನು ಬಹಿರಂಗವಾಗಿ ಪ್ರಕಟಿಸಬೇಕು, ಕಾರಣ ಕೊಡಬೇಕು, ನ್ಯಾಯವಾದ ಅಭಿಪ್ರಾಯವನ್ನು ಅದುಮುವುದಕ್ಕೆ ಬಳಸಬಾರದು, ಇಂಟರ್‌ನೆಟ್ಟನ್ನು ಇಷ್ಟು ದಿನ ಅಂತಿಲ್ಲದೆ ನಿಲ್ಲಿಸುವ ಹಾಗಿಲ್ಲ ಅಂತ.

ಈಗ ನಮ್ಮ ಮನೆಯ ವಿಚಾರಕ್ಕೆ ಬರೋಣ. ಸಹಕಾರ ಅಂದರೆ ಸರ್ಕಾರದ ಇಲಾಖೆ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಸೇರಿಸಿ ಕಟ್ಟಿದ ಸಂಘ ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು. ಜನರೇ ಕಟ್ಟಿದ್ದು. ನಮ್ಮ ಸಂಘ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ನಡೆಯುತ್ತದೆ. ಆ ಕಾಯ್ದೆಯಲ್ಲಿ ಕಾರಣವಿದ್ದರೆ ಚುನಾಯಿತ ಮಂಡಳಿಯನ್ನು ತೆಗೆದು ಆಡಳಿತಾಧಿಕಾರಿಯನ್ನು ಕೂರಿಸುವ ಅಧಿಕಾರ ಇಲಾಖೆಗೆ ಇದೆ. ಸರ್ಕಾರದ ಕೈ ಸ್ವಲ್ಪ ದೂರವಿರಲಿ ಅಂತಲೇ 1997ರಲ್ಲಿ ಸೌಹಾರ್ದ ಕಾಯ್ದೆಯೂ ಬಂತು. 2011ರ 97ನೇ ತಿದ್ದುಪಡಿಯಿಂದ ಸಹಕಾರ ಸಂಘ ಕಟ್ಟಿಕೊಳ್ಳುವುದು ಸಂವಿಧಾನದ 19ನೇ ವಿಧಿಯ ಹಕ್ಕಾಯಿತು. ಆ ತಿದ್ದುಪಡಿಯ ಬೇರೆ ಭಾಗ ರಾಜ್ಯದ ಸಂಘಗಳಿಗೆ ಅನ್ವಯಿಸುವುದಿಲ್ಲ, ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಪಡೆಯಲಿಲ್ಲ ಅಂತ 2021ರ ಜುಲೈ 20ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ಹಕ್ಕು ಮಾತ್ರ ಹಾಗೇ ಉಳಿಯಿತು. ಅಂದರೆ ಈ ಸಭೆಯಲ್ಲಿ ನೀವು ಕೂತಿರುವುದು ಯಾರೋ ಕೊಟ್ಟ ಸವಲತ್ತಲ್ಲ, ನಿಮ್ಮ ಮೂಲಭೂತ ಹಕ್ಕು.

ಆದರೆ ಆ ಹಕ್ಕನ್ನು ನಾವು ಹೇಗೆ ಕಳೆದುಕೊಂಡಿದ್ದೆವು ಅಂತ ಹಳಬರಿಗೆ ನೆನಪಿರಬೇಕು. ಒಂದು ಸಲ ನಮ್ಮ ನಮ್ಮಲ್ಲೇ ಜಗಳ. ಆ ಬೀದಿ ಈ ಬೀದಿ ಅಂತ ಪಾರ್ಟಿ ಮಾಡಿಕೊಂಡು ನಿರ್ದೇಶಕರು ರಾಜೀನಾಮೆ ಕೊಟ್ಟರು. ಸಭೆಗೆ ಕೋರಂ ಇಲ್ಲ. ಆಡಳಿತಾಧಿಕಾರಿ ಬಂದರು. ಒಳ್ಳೆಯವರೇ. ಬಟವಾಡೆ ತಪ್ಪದೆ ಆಗುತ್ತಿತ್ತು. ‘ಆಫೀಸರ್ರೇ ಇರ್ಲಿ ಬಿಡಿ, ನಮಗ್ಯಾಕೆ ತಲೆನೋವು’ ಅಂತ ನಾವೂ ಅಂದೆವು, ಸುಳ್ಳು ಹೇಳುವುದಿಲ್ಲ. ಆಮೇಲೆ ಒಂದು ದಿನ ಹಾಲಿನ ಡಿಗ್ರಿ ನೋಡುವ ಯಂತ್ರದ ಮೇಲೆ ಅನುಮಾನ ಬಂತು. ನಾಲ್ಕಾರು ಮನೆಯವರಿಗೆ ಫ್ಯಾಟ್ ಒಂದೇ ಸಮ ಕಡಿಮೆ. ಯಾರನ್ನು ಕೇಳುವುದು? ಸಾಹೇಬರು ಬರುವುದು ವಾರಕ್ಕೊಂದು ದಿನ. ಅರ್ಜಿ ಕೊಡಿ ಅಂದರು. ಕೊಟ್ಟೆವು. ಅರ್ಜಿ ಎಲ್ಲೋ ಮೇಲಕ್ಕೆ ಹೋಯಿತು. ನಮ್ಮ ಡೇರಿಯ ಬಾಗಿಲಲ್ಲಿ ನಾವೇ ಅರ್ಜಿದಾರರಾಗಿ ನಿಂತೆವು! ಆ ದಿನ ನಮಗೆ ಬುದ್ಧಿ ಬಂತು. ಯಾರೂ ನಮ್ಮ ಅಧಿಕಾರವನ್ನು ಕಿತ್ತುಕೊಂಡಿರಲಿಲ್ಲ. ನಾವೇ ಸಾಕಾಗಿ ಕೆಳಗಿಟ್ಟಿದ್ದೆವು, ಬೇರೆಯವರು ಎತ್ತಿಕೊಂಡರು. ಚುನಾವಣೆ ನಡೆದು ಹೊಸ ಮಂಡಳಿ ಬಂದ ಮೊದಲ ಸಭೆಯಲ್ಲೇ, ಎಲ್ಲರೆದುರಿಗೆ ಬೇರೆ ಯಂತ್ರದಲ್ಲಿ ಹಾಲು ಹಾಕಿ ನೋಡಿದೆವು. ತಪ್ಪು ಸಿಕ್ಕಿತು, ಸರಿಯಾಯಿತು.

ದೇಶದ ಕಥೆಯೂ ಇಷ್ಟೇ ಅಂತ ನಮ್ಮ ಭಾವನೆ. ಆದ್ದರಿಂದ ಕಿರಿಯರಿಗೆ ಒಂದೆರಡು ಕೆಲಸ ಹೇಳಿ ಮುಗಿಸುತ್ತೇವೆ. ಸರ್ವಸದಸ್ಯರ ಸಭೆಗೆ ಬನ್ನಿ. ಬರೀ ಸಿಹಿ ಪೊಟ್ಟಣಕ್ಕೆ, ಸಹಿ ಹಾಕುವುದಕ್ಕೆ ಬರಬೇಡಿ. ಲೆಕ್ಕ ಓದುವಾಗ ಒಂದು ಪ್ರಶ್ನೆಯಾದರೂ ಕೇಳಿ. ಯಾವ ಕಚೇರಿಯಲ್ಲೇ ಆಗಲಿ ಇಲ್ಲ ಅಂದರೆ, ‘ಸ್ವಾಮಿ, ಅದನ್ನೇ ಬರವಣಿಗೆಯಲ್ಲಿ ಕೊಡಿ’ ಅನ್ನಿ. ಕಾರಣ ಗೊತ್ತಾಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿಯಲ್ಲಿ ಅರ್ಜಿ ಹಾಕಬಹುದು. ನಿಮಗಾಗದವನ ಬಾಯಿ ಮುಚ್ಚಿಸಿದಾಗ ಚಪ್ಪಾಳೆ ತಟ್ಟಬೇಡಿ. ಆ ಬೀದಿಯವನನ್ನು ಮುಚ್ಚಿಸಿದ ಬೀಗ ನಾಳೆ ಈ ಬೀದಿಗೂ ಹೊಂದುತ್ತದೆ. ಓಟಿಗೆ ಕಾಸು ಇಸಕೊಂಡರೆ ಐದು ವರ್ಷದ ಪ್ರಶ್ನೆಯನ್ನು ಮಾರಿಕೊಂಡ ಹಾಗೆ.

ಮುಂದೆ ಸುವರ್ಣ ಮಹೋತ್ಸವ ಆಗುವ ಹೊತ್ತಿಗೆ ನಾವು ಹಳಬರು ಇರುವುದಿಲ್ಲ. ಆ ದಿನ ಈ ವೇದಿಕೆ ಮೇಲೆ ನಿಮ್ಮ ಮಕ್ಕಳು ಸದಸ್ಯರಾಗಿ ಕೂತಿರಲಿ, ಅರ್ಜಿದಾರರಾಗಿ ಕೆಳಗೆ ನಿಂತಿರುವುದು ಬೇಡ. ಆ ಕಡೆ ಹೋಗಿ ಬರುವವರು ಒಂದು ದಿನ ಬಿಡುವು ಮಾಡಿಕೊಂಡು ಶಿವಪುರದಲ್ಲಿ ಇಳಿದು, ಮಕ್ಕಳಿಗೆ ಆ ಜಾಗ ತೋರಿಸಿ ಬನ್ನಿ.

 ತಪ್ಪಿದ್ದರೆ ತಿದ್ದಿ, ಎದ್ದು ನಿಂತು ಕೇಳಿದರೆ ಇನ್ನೂ ಸಂತೋಷ.

ಜೈ ಸಹಕಾರ, ಜೈ ಕರ್ನಾಟಕ.